ಸತ್ಯಾಂಶ: ಮೀಟರಿನ ಕೆಂಪು ದೀಪ ದೆವ್ವದ ಗುರುತಲ್ಲ

'ಕೆ-2 ಮೀಟರಿನಲ್ಲಿ ಕೆಂಪು ದೀಪ ಹತ್ತಿದರೆ ಮನೆಯಲ್ಲಿ ದುಷ್ಟಶಕ್ತಿ ಇದೆ' ಎಂದು ಹರಿದಾಡುತ್ತಿರುವ ವಾಟ್ಸಾಪ್ ಸಂದೇಶ ಸುಳ್ಳು. ದೆವ್ವ ಹುಡುಕುವವರು ಬಳಸುವ ಈ ಮೀಟರು ಅಳೆಯುವುದು ವಿದ್ಯುತ್ಕಾಂತೀಯ ಕ್ಷೇತ್ರವನ್ನು. ಅದು 20 ಮಿಲಿಗಾಸ್ (ಕಾಂತಕ್ಷೇತ್ರದ ಅಳತೆಮಾನ) ದಾಟಿದರೆ ಕೆಂಪು. ಫ್ರಿಜ್ಜಿನ ಮೋಟಾರು, ಗೋಡೆಯೊಳಗಿನ ವೈರಿಂಗ್, ಪಕ್ಕದಲ್ಲಿಟ್ಟ ಮೊಬೈಲು ಸಾಕು. ದೆವ್ವದ ದೂರು ಪರಿಶೀಲಿಸುವ ಬಲ್ಲ ತನಿಖೆಗಾರರು ಮೇನ್ ಸ್ವಿಚ್ ಆರಿಸಿ, ಮೊಬೈಲು ದೂರವಿಟ್ಟು ಮತ್ತೆ ಅಳೆಯುತ್ತಾರೆ.

ಅದಕ್ಕೂ ಮೊದಲು ಮನೆಯವರನ್ನು ಬೇರೆ ಬೇರೆಯಾಗಿ ಕೂರಿಸಿ ನಿದ್ದೆ, ಔಷಧಿ, ಯಾವ ಕೋಣೆ, ಯಾವ ಹೊತ್ತಿನಲ್ಲಿ ಅನುಭವವಾಯಿತು ಎಂದು ವಿಚಾರಿಸುತ್ತಾರೆ. ಎಚ್ಚರವಾದರೂ ಮೈ ಅಲುಗದೆ, ಎದೆ ಮೇಲೆ ಯಾರೋ ಕೂತಂತಾದರೆ ಮೊದಲು ಶಂಕಿಸಬೇಕಾದದ್ದು ನಿದ್ರಾ ಪಾರ್ಶ್ವವಾಯು (ಸ್ಲೀಪ್ ಪ್ಯಾರಾಲಿಸಿಸ್), ಅಂದರೆ ನಿದ್ದೆ-ಎಚ್ಚರದ ನಡುವೆ ಸ್ವಲ್ಪ ಹೊತ್ತು ಮೈ ಅಲುಗದ ಸ್ಥಿತಿ.

ಮನೆಮಂದಿಗೆಲ್ಲ ತಲೆನೋವು, ಜೊತೆಗೆ ಹೆಜ್ಜೆಸಪ್ಪಳ ಎಂದರೆ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ಪರೀಕ್ಷೆ ಆಗಲೇಬೇಕು; ಅದು ಭ್ರಮೆಯನ್ನೂ ಹುಟ್ಟಿಸಬಲ್ಲದು. 1921ರಲ್ಲಿ ಅಮೆರಿಕದ ನೇತ್ರವೈದ್ಯ ವಿಲಿಯಂ ವಿಲ್ಮರ್ ದಾಖಲಿಸಿದ 'ಭೂತದ ಮನೆ'ಯಲ್ಲಿ ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು ಹೊರಬಂದ ಈ ಅನಿಲವೇ ಕಾರಣವಾಗಿತ್ತು. ಇದು ಕೊಲ್ಲುವ ಅನಿಲ, ವಾಸನೆಯೂ ಇಲ್ಲ. ಅನುಮಾನ ಬಂದರೆ ಎಲ್ಲರೂ ಕೂಡಲೇ ಹೊರಬನ್ನಿ, ವೈದ್ಯರನ್ನು ಕಾಣಿ.