ತಣ್ಣಗಿನ ಪ್ರೀತಿ ಅನ್ನೋದನ್ನ ಒಪ್ಪಲಾರೆ

ಬ್ರಿಟಿಷ್ ಸಿಟ್‌ಕಾಮ್‌ಗಳಲ್ಲಿ (ಟಿವಿ ಹಾಸ್ಯ ಧಾರಾವಾಹಿಗಳಲ್ಲಿ) ಪ್ರೀತಿ ತಣ್ಣಗಿರುತ್ತದೆ, ಮನಸ್ಸಿಗೆ ತಟ್ಟುವುದಿಲ್ಲ ಎಂದು ಒಂದು ಲೇಖನದಲ್ಲಿ ಓದಿದೆ. ನನಗೆ ಹಾಗನ್ನಿಸುವುದಿಲ್ಲ. 2007ರಲ್ಲಿ ಬಿಬಿಸಿಯಲ್ಲಿ ಶುರುವಾದ 'ಗ್ಯಾವಿನ್ ಅಂಡ್ ಸ್ಟೇಸಿ' ನೋಡಿ. ಹುಡುಗ ಗ್ಯಾವಿನ್ ಇಂಗ್ಲೆಂಡಿನ ಎಸೆಕ್ಸ್‌ನವನು, ಹುಡುಗಿ ಸ್ಟೇಸಿ ವೇಲ್ಸ್‌ನ ಬ್ಯಾರಿಯವಳು. ಆಫೀಸ್ ಫೋನಿನಲ್ಲೇ ಮಾತಾಡಿ ಇಷ್ಟಪಟ್ಟು, ಆಮೇಲೆ ಲಂಡನ್ನಿನಲ್ಲಿ ಭೇಟಿಯಾಗುತ್ತಾರೆ. ಅವರದು ಬೇಗ ಕೂಡಿಬರುತ್ತದೆ. ಆಮೇಲಿನ ಕಥೆಯೆಲ್ಲ ಎರಡು ಮನೆಗಳು ಬೀಗರಾಗುವುದು, ನಮ್ಮ ಮನೆಗಳ ಹಾಗೆಯೇ ಅಲ್ವಾ?

ನನಗೆ ಜಾಸ್ತಿ ಇಷ್ಟ ಅವರ ಸ್ನೇಹಿತರಾದ ಸ್ಮಿಥಿ ಮತ್ತು ನೆಸ್ಸಾ. ಮಗು ಇದೆ, ಪ್ರೀತಿಯೂ ಇದೆ. ಬಾಯಿಬಿಟ್ಟು ಮಾತ್ರ ಹೇಳುವುದಿಲ್ಲ. 2019ರ ಕ್ರಿಸ್‌ಮಸ್ ಕಂತಿನ ಕೊನೆಗೆ ನೆಸ್ಸಾ ಮಂಡಿಯೂರಿ ಮದುವೆಯಾಗ್ತೀಯಾ ಅಂತ ಕೇಳುತ್ತಾಳೆ. ಕಂತು ಅಲ್ಲಿಗೇ ಮುಗಿಯುತ್ತದೆ. ಮುಂದೇನಾಯ್ತು ಅಂತ ತಿಳಿಯಲು ಜನ 2024ರ ಕ್ರಿಸ್‌ಮಸ್‌ವರೆಗೆ ಕಾದರು! (ನೋಡದವರು ಮುಂದೆ ಓದಬೇಡಿ.) ಸ್ಮಿಥಿ ಬೇರೊಬ್ಬಳನ್ನು ಮದುವೆಯಾಗಲು ನಿಂತಾಗ, ಇದು ಬೇಡ ಅಂತ ಮೊದಲು ಎದ್ದು ನಿಲ್ಲುವವರು ಗ್ಯಾವಿನ್‌ನ ಅಪ್ಪ ಮಿಕ್. ಯಾವತ್ತೂ ಸುಮ್ನೆ ಇರುವ ಮನುಷ್ಯ. ಅವರ ಹಿಂದೆ ಒಬ್ಬೊಬ್ಬರೇ ಏಳುತ್ತಾರೆ. ನನಗಂತೂ ಕಣ್ಣು ತುಂಬಿ ಬಂತು. ಮೊದಲ ಸೀಸನ್‌ನಿಂದಲೇ ಶುರು ಮಾಡಿ, ಕಂತು ಬರೀ ಅರ್ಧ ಗಂಟೆ.