ರಿಪೋರ್ಟ್ ಅಪ್‌ಲೋಡ್ ಆದರೆ ಲ್ಯಾಬಿನ ಕೆಲಸ ಮುಗಿಯಿತೇ?

ಮಳವಳ್ಳಿ, ನಾಗಮಂಗಲದ ಕಡೆಯಿಂದ ಮೈಸೂರಿಗೆ ರಕ್ತ ಪರೀಕ್ಷೆಗೆಂದು ಬಂದವರು ರಿಪೋರ್ಟಿಗಾಗಿ ಸಂಜೆಯವರೆಗೆ ಕಾದು ಕೂರುವ, ಇಲ್ಲವೇ ಅದೊಂದಕ್ಕಾಗಿಯೇ ಮರುದಿನ ಮತ್ತೆ ಬಸ್ಸು ಹತ್ತುವ ಕಷ್ಟವನ್ನು ಆನ್‌ಲೈನ್ ವರದಿ ಬಹುಮಟ್ಟಿಗೆ ತಪ್ಪಿಸಿದೆ. ಈ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವರದಿಯನ್ನು ಪೋರ್ಟಲಿಗೆ ಏರಿಸಿ, ಮೊಬೈಲಿಗೆ ಲಿಂಕ್ ಕಳುಹಿಸಿದ ಕೂಡಲೇ ತಮ್ಮ ಹೊಣೆ ತೀರಿತೆಂದು ಕೆಲವು ಲ್ಯಾಬುಗಳು ಭಾವಿಸತೊಡಗಿರುವುದಕ್ಕೆ ನನ್ನ ತಕರಾರಿದೆ.

ರಕ್ತದಲ್ಲಿನ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಇರಬೇಕು, ಅದು 6.5 ದಾಟಿದರೆ ಹೃದಯ ಬಡಿತವೇ ಏರುಪೇರಾಗುವ ಅಪಾಯವಿದೆ. ಅಂಥ ಅಂಕಿಯನ್ನು ಪಿಡಿಎಫ್‌ನಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿ ಸುಮ್ಮನಾಗುವಂತಿಲ್ಲ. ಲ್ಯಾಬುಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆಗೆ ಆಧಾರವಾದ ಐಎಸ್‌ಒ 15189 ಎಂಬ ಅಂತಾರಾಷ್ಟ್ರೀಯ ಮಾನದಂಡವೇ, ಪ್ರಾಣಾಪಾಯ ಸೂಚಿಸುವ ಫಲಿತಾಂಶವನ್ನು ವೈದ್ಯರಿಗೆ ಆದಷ್ಟು ಬೇಗ ತಿಳಿಸಿ, ಯಾರಿಗೆ, ಎಷ್ಟು ಹೊತ್ತಿಗೆ ತಿಳಿಸಲಾಯಿತೆಂಬುದನ್ನು ದಾಖಲಿಸಬೇಕೆಂದು ಹೇಳುತ್ತದೆ. ಹೀಗೆ ವೈದ್ಯರಿಗೆ ಫೋನ್ ಮಾಡಿ ತಿಳಿಸುವುದರಿಂದ ಇನ್ನೊಂದು ಉಪಯೋಗವೂ ಇದೆ. ತಾಲ್ಲೂಕಿನ ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ರಕ್ತ ನಗರದ ಲ್ಯಾಬು ಸೇರುವಷ್ಟರಲ್ಲಿ ಕೆಂಪು ಕಣಗಳು ಒಡೆದಿದ್ದರೆ, ರೋಗಿಗೆ ಏನೂ ಆಗದಿದ್ದರೂ ಪೊಟ್ಯಾಸಿಯಂ ಹೆಚ್ಚಾಗಿ ಕಾಣಿಸುತ್ತದೆ. ವೈದ್ಯರೂ ಲ್ಯಾಬಿನವರೂ ಎರಡು ಮಾತಾಡಿದರೆ ಮತ್ತೊಮ್ಮೆ ಸ್ಯಾಂಪಲ್ ತೆಗೆಯಬೇಕೇ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಲಿಂಕಿಗೆ ಇದು ಸಾಧ್ಯವಿಲ್ಲ.

ಆ ಲಿಂಕ್ ಹೋಗುವುದಾದರೂ ಯಾರಿಗೆ? ನಮ್ಮ ಕಡೆ ವಯಸ್ಸಾದವರು ಬಿಲ್ ಕೌಂಟರಿನಲ್ಲಿ ಕೊಡುವುದು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ನಂಬರನ್ನು. ಅವನು ಪಾಳಿ ಮುಗಿಸಿ ಮೆಸೇಜ್ ನೋಡಿ, ಕೆಂಪು ಬಣ್ಣದ ಅಂಕಿಗೆ ಗಾಬರಿಯಾಗಿ ಗೂಗಲ್‌ನಲ್ಲಿ ಹುಡುಕುವ ಹೊತ್ತಿಗೆ, ಊರಿನಲ್ಲಿರುವ ತಾಯಿಗೆ ವಿಷಯವೇ ಗೊತ್ತಿರುವುದಿಲ್ಲ. (ವರದಿಯಲ್ಲಿ ಸಾಮಾನ್ಯವೆಂದು ಕೊಟ್ಟಿರುವ ಮಿತಿಯಿಂದ ಕೂದಲೆಳೆಯಷ್ಟು ಆಚೆ ಹೋದದ್ದಕ್ಕೂ ಅದೇ ಕೆಂಪು ಬಣ್ಣ ಬಳಿಯುವ ಸಾಫ್ಟ್‌ವೇರುಗಳನ್ನು ಯಾರು ಬರೆಯುತ್ತಾರೋ!)

ಗೋಪ್ಯತೆಯ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಒಟಿಪಿ ಕೇಳದೆ ತೆರೆದುಕೊಳ್ಳುವ, ಕೊನೆಯ ಅಂಕಿ ಬದಲಿಸಿದರೆ ಬೇರೊಬ್ಬರ ವರದಿ ತೋರಿಸುವಂಥ ಲಿಂಕನ್ನು ಯಾವ ಲ್ಯಾಬೂ ಬಳಸಕೂಡದು. ಎಚ್‌ಐವಿ ಸೋಂಕಿತರ ಮಾಹಿತಿಯನ್ನು ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಆ ಫಲಿತಾಂಶವನ್ನು ಆಪ್ತಸಮಾಲೋಚಕರು ಎದುರು ಕೂರಿಸಿಕೊಂಡು ತಿಳಿಸಬೇಕೇ ಹೊರತು ವಾಟ್ಸಾಪ್ ಅಲ್ಲ.

ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯಾದ ಆಭಾದ 14 ಅಂಕಿಗಳ ಸಂಖ್ಯೆಗೆ ವರದಿಗಳು ಜೋಡಣೆಯಾದರೆ ಹಳೆಯ ಫಲಿತಾಂಶಗಳೂ ಒಂದೆಡೆ ಸಿಗುತ್ತವೆ, ಅದು ಒಳ್ಳೆಯದೇ. ಅಲ್ಲಿಯವರೆಗೆ ಲ್ಯಾಬುಗಳು ಮಾಡಬಹುದಾದ, ಖರ್ಚಿಲ್ಲದ ಕೆಲಸವೊಂದಿದೆ: ಬಿಲ್ ಹಾಕುವಾಗ ರೋಗಿಯ ಜೊತೆಗಿರುವವರ ನಂಬರನ್ನೂ, ಪರೀಕ್ಷೆ ಬರೆದುಕೊಟ್ಟ ವೈದ್ಯರ ನಂಬರನ್ನೂ ಕೇಳಿ ಬರೆದುಕೊಳ್ಳುವುದು.