ಅರ್ಧ ಸತ್ತ ಸರ್ವರ್ ಮತ್ತು ಲೋಡ್ ಬ್ಯಾಲೆನ್ಸರ್ ಆಯ್ಕೆ

ಮಂಗಳೂರು, ಉಡುಪಿ ಕಡೆಯ ಕಂಪೆನಿಗಳು ಲೋಡ್ ಬ್ಯಾಲೆನ್ಸರ್ ಆರಿಸುವಾಗ ತಯಾರಿಸುವ ಎಕ್ಸೆಲ್ ಶೀಟ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಎಡಗಡೆ ಫೀಚರ್‌ಗಳ ಪಟ್ಟಿ, ಮೇಲೆ ಬ್ರ್ಯಾಂಡ್‌ಗಳ ಹೆಸರು, ಮಧ್ಯೆ ರೈಟ್ ಗುರುತುಗಳು. ಜಾಸ್ತಿ ರೈಟ್ ಬಿದ್ದದ್ದು ಗೆಲ್ಲುತ್ತದೆ. ಆ ಶೀಟ್‌ನಲ್ಲಿ ಎಲ್ಲೋ ಕೆಳಗೆ ‘ಹೆಲ್ತ್ ಚೆಕ್’ (ಹಿಂದಿನ ಸರ್ವರ್‌ಗಳು ಸರಿಯಾಗಿ ಕೆಲಸ ಮಾಡುತ್ತಿವೆಯಾ ಎಂದು ನೋಡುವ ಪರೀಕ್ಷೆ) ಎಂಬ ಒಂದು ಸಾಲು ಇರುತ್ತದೆ. ಅಲ್ಲಿ ಎಲ್ಲರಿಗೂ ರೈಟ್ ಬಿದ್ದಿರುತ್ತದೆ, ಹಾಗಾಗಿ ಯಾರೂ ಅದರ ಮೇಲೆ ಕಣ್ಣು ಹಾಯಿಸುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ ಸಾಲು ಅದೇ. ಅಲ್ಲಿ ರೈಟ್ ಗುರುತು ಸಾಲುವುದಿಲ್ಲ. ಎಷ್ಟು ಸೆಕೆಂಡಿಗೊಮ್ಮೆ, ಏನನ್ನು ನೋಡಿ, ಯಾವ ಉತ್ತರಕ್ಕೆ ‘ಸರಿಯಿದೆ’ ಅನ್ನುತ್ತದೆ ಎಂದು ಬರೆಯಬೇಕು.

ಈ ಕ್ಷೇತ್ರದವರಲ್ಲದವರಿಗೆ ಎರಡು ಮಾತು. ಗ್ರಾಹಕರು ಹೆಚ್ಚಾದಾಗ ಒಂದೇ ಅಪ್ಲಿಕೇಶನ್ನನ್ನು ಎರಡು ಮೂರು ಸರ್ವರ್‌ಗಳಲ್ಲಿ ಓಡಿಸುತ್ತೇವೆ. ಬರುವ ರಿಕ್ವೆಸ್ಟ್‌ಗಳನ್ನು ಅವುಗಳ ನಡುವೆ ಹಂಚುವುದು ಲೋಡ್ ಬ್ಯಾಲೆನ್ಸರ್‌ನ ಕೆಲಸ. ಇದರ ಜೊತೆಗೆ ಎಚ್‌ಟಿಟಿಪಿಎಸ್, ಕ್ಯಾಶಿಂಗ್, ಫೈರ್‌ವಾಲ್ ಎಲ್ಲ ಸೇರಿಸಿ ಕೊಟ್ಟರೆ ಅದು ಅಪ್ಲಿಕೇಶನ್ ಡೆಲಿವರಿ ಕಂಟ್ರೋಲರ್. ಎಫ್‌ಫೈವ್ ಬಿಗ್-ಐಪಿ, ನೆಟ್‌ಸ್ಕೇಲರ್ ಈ ಸಾಲಿನವು. ಬೆಲೆಯೂ ಹಾಗೆಯೇ ಇರುತ್ತದೆ.

ಹಂಚುವುದು ಕಷ್ಟದ ಕೆಲಸವೇ ಅಲ್ಲ. ಎಲ್ಲ ಟೂಲ್‌ಗಳೂ ಅದನ್ನು ಚೆನ್ನಾಗಿ ಮಾಡುತ್ತವೆ. ಪೂರ್ತಿ ಸತ್ತ ಸರ್ವರನ್ನು ಪತ್ತೆ ಮಾಡುವುದೂ ಸುಲಭ. ಕನೆಕ್ಷನ್ನೇ ಸಿಗುವುದಿಲ್ಲ, ಅಷ್ಟೇ ತಾನೇ. ಕಷ್ಟ ಇರುವುದು ಅರ್ಧ ಸತ್ತ ಸರ್ವರ್‌ನಲ್ಲಿ. ಪೋರ್ಟ್, ಅಂದರೆ ಕನೆಕ್ಷನ್ ಸ್ವೀಕರಿಸುವ ಬಾಗಿಲು, ತೆರೆದಿರುತ್ತದೆ, ಮೊದಲ ಪುಟ ಬರುತ್ತದೆ, ಆದರೆ ಒಳಗೆ ಕೆಲಸ ನಡೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಚೌತಿಯ ಹಿಂದಿನ ವಾರ, ಕರಾವಳಿಗೆ ಬಸ್ ಓಡಿಸುವ ಒಂದು ಸಂಸ್ಥೆಯ ಬುಕಿಂಗ್ ಸೈಟ್‌ನಲ್ಲಿ ಹೀಗೆಯೇ ಆಯಿತು. ಬೆಂಗಳೂರು, ಮುಂಬೈಯಿಂದ ಊರಿಗೆ ಹೊರಟವರ ನೂಕುನುಗ್ಗಲು. ಮೂರು ಸರ್ವರ್‌ಗಳಲ್ಲಿ ಒಂದರ ಡಿಸ್ಕ್ ಲಾಗ್ ಫೈಲ್‌ಗಳಿಂದ ತುಂಬಿಹೋಗಿತ್ತು. ಅದರಲ್ಲಿ ಮೊದಲ ಪುಟ ಸರಾಗವಾಗಿ ತೆರೆಯುತ್ತಿತ್ತು. ಸೀಟ್ ಆರಿಸಿ ಮುಂದೆ ಹೋದರೆ 500 ಎರರ್, ಅಂದರೆ ಸರ್ವರ್ ಒಳಗೇ ಏನೋ ಕೆಟ್ಟಿದೆ ಎಂಬ ಉತ್ತರ. ಇನ್ನು ಕೆಲವರಿಗೆ ಪೇಮೆಂಟ್ ಆದ ಮೇಲಿನ ಹೆಜ್ಜೆ ಆ ಸರ್ವರಿಗೆ ಹೋಗಿ ಬಿದ್ದಿತ್ತು. “ದುಡ್ಡು ಹೋಗಿದೆ, ಟಿಕೆಟ್ ಬಂದಿಲ್ಲ ಮಾರಾಯ್ರೆ” ಎಂದು ಆಫೀಸಿಗೆ ಒಂದರ ಹಿಂದೆ ಒಂದು ಫೋನ್. ಮಾಲೀಕರು ಕೇಳಿದ್ದು ಒಂದೇ ಮಾತು: “ಮೂರು ಸರ್ವರ್ ಇಟ್ಟದ್ದು ಎಂತಕ್ಕೆ ಮತ್ತೆ?” ಬಹಳ ನ್ಯಾಯವಾದ ಪ್ರಶ್ನೆ.

ಮೂರರಲ್ಲಿ ಒಂದು ಕೆಟ್ಟರೆ ಮೂರರಲ್ಲಿ ಒಂದು ಪಾಲು ಜನರಿಗೆ ತೊಂದರೆ ಆಗಬೇಕು ಅಲ್ವಾ? ಅಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಜನರಿಗೆ ತೊಂದರೆಯಾಯಿತು. ಕಾರಣ, ಹಂಚಿಕೆಗೆ ‘ಲೀಸ್ಟ್ ಕನೆಕ್ಷನ್ಸ್’ ವಿಧಾನ ಇಟ್ಟಿದ್ದರು. ಯಾವ ಸರ್ವರ್‌ನಲ್ಲಿ ಆ ಕ್ಷಣ ಕಡಿಮೆ ಕನೆಕ್ಷನ್ ಇದೆಯೋ ಮುಂದಿನ ರಿಕ್ವೆಸ್ಟ್ ಅದಕ್ಕೆ. ಬ್ಯಾಂಕಿನ ಒಂದು ಕೌಂಟರಿನಲ್ಲಿ ಬಂದವರಿಗೆಲ್ಲ “ಆಗುವುದಿಲ್ಲ, ಹೋಗಿ” ಎಂದು ಹೇಳಿ ಕಳಿಸುತ್ತಿದ್ದರೆ ಅದರ ಮುಂದೆ ಕ್ಯೂ ಯಾವಾಗಲೂ ಖಾಲಿ. ಬಾಗಿಲಲ್ಲಿ ನಿಂತವನು ಕ್ಯೂ ಮಾತ್ರ ನೋಡಿದರೆ ಎಲ್ಲರನ್ನೂ ಅಲ್ಲಿಗೇ ಕಳಿಸುತ್ತಾನೆ. ಒಳ್ಳೆಯ ಸರ್ವರ್ ಸೀಟ್ ಹುಡುಕಿ, ಡೇಟಾಬೇಸ್‌ನಲ್ಲಿ ಬರೆದು, ಉತ್ತರ ಕೊಡಲು ಸಮಯ ತೆಗೆದುಕೊಳ್ಳುತ್ತದೆ. ಕೆಟ್ಟ ಸರ್ವರ್ ಕ್ಷಣದಲ್ಲಿ ಎರರ್ ಎಸೆದು ಖಾಲಿಯಾಗುತ್ತದೆ. ಬುದ್ಧಿವಂತ ವಿಧಾನ ಎಂದು ಆರಿಸಿದ್ದೇ ಜನರನ್ನು ಹಳ್ಳಕ್ಕೆ ತಳ್ಳಿತು.

ಈಗ ಟೂಲ್‌ಗಳ ವಿಷಯ. ನಮ್ಮಲ್ಲಿ ಹೆಚ್ಚಿನವರು ಮೊದಲು ಮುಟ್ಟುವುದು ಎಂಜಿನ್‌ಎಕ್ಸ್. ಇಗೋರ್ ಸಿಸೊಯೆವ್ 2004ರಲ್ಲಿ ಹೊರತಂದದ್ದು, 2019ರಿಂದ ಎಫ್‌ಫೈವ್ ಕೈಯಲ್ಲಿದೆ. ವೆಬ್ ಸರ್ವರ್ ಆಗಿ ನನಗೆ ಬಹಳ ಇಷ್ಟ. ಆದರೆ ಅದರ ಉಚಿತ ಆವೃತ್ತಿ ತಾನಾಗಿ ಹೋಗಿ ಸರ್ವರ್‌ಗಳ ಆರೋಗ್ಯ ವಿಚಾರಿಸುವುದಿಲ್ಲ. ನಿಜವಾದ ಗ್ರಾಹಕನ ರಿಕ್ವೆಸ್ಟ್ ಸೋತಾಗಲೇ ಅದಕ್ಕೆ ಗೊತ್ತಾಗುವುದು. ಡಿಫಾಲ್ಟ್‌ನಲ್ಲಿ ಒಂದು ಸಲ ಸೋತರೆ ಆ ಸರ್ವರನ್ನು 10 ಸೆಕೆಂಡ್ ಪಕ್ಕಕ್ಕಿಟ್ಟು, ಮತ್ತೆ ಇನ್ನೊಬ್ಬ ಗ್ರಾಹಕನನ್ನು ಕಳಿಸಿ ನೋಡುತ್ತದೆ. ಇನ್ನೂ ಮುಖ್ಯವಾದದ್ದು, ‘ಸೋಲು’ ಅಂದರೆ ಕನೆಕ್ಷನ್ ಸಿಗದಿರುವುದು, ಟೈಮ್‌ಔಟ್ ಇಂಥವು ಮಾತ್ರ. 500 ಎರರ್ ಬಂದರೆ ಅದು ಸೋಲಿನ ಲೆಕ್ಕಕ್ಕೆ ಬರುವುದಿಲ್ಲ, ನಾವು ಕಾನ್ಫಿಗ್‌ನಲ್ಲಿ ಬರೆದು ಹೇಳುವ ತನಕ. ಉತ್ತರಕ್ಕೆ ಕಾಯುವ ಡಿಫಾಲ್ಟ್ ಸಮಯ 60 ಸೆಕೆಂಡ್. ಫೋನ್ ಹಿಡಿದು ಒಂದು ನಿಮಿಷ ಬಿಳಿ ಸ್ಕ್ರೀನ್ ನೋಡುತ್ತ ಯಾರು ಕೂರುತ್ತಾರೆ ಹೇಳಿ. ತಾನಾಗಿ ಚೆಕ್ ಮಾಡುವ ಸೌಲಭ್ಯ ಎಂಜಿನ್‌ಎಕ್ಸ್ ಪ್ಲಸ್‌ನಲ್ಲಿದೆ, ಅದಕ್ಕೆ ದುಡ್ಡು ಕೊಡಬೇಕು.

ಎಚ್‌ಎಪ್ರಾಕ್ಸಿ ಈ ವಿಷಯದಲ್ಲಿ ಉದಾರಿ. ವಿಲಿ ಟಾರೋ 2001ರಲ್ಲಿ ಬಿಡುಗಡೆ ಮಾಡಿದ್ದು. ಉಚಿತ ಆವೃತ್ತಿಯಲ್ಲೇ ಹೆಲ್ತ್ ಚೆಕ್ ಪೂರ್ತಿ ಇದೆ. ಡಿಫಾಲ್ಟ್‌ನಲ್ಲಿ 2 ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ, ಸತತ 3 ಸಲ ಸೋತರೆ ಹೊರಗೆ ಹಾಕುತ್ತದೆ. ಹೆಚ್ಚುಕಡಿಮೆ 6 ಸೆಕೆಂಡಿನ ಕೆಲಸ. ಅದರ ಸ್ಟ್ಯಾಟ್ಸ್ ಪೇಜ್ ನೋಡಿದರೆ ಯಾವ ಸರ್ವರ್ ಹಸಿರು, ಯಾವುದು ಕೆಂಪು ಎಂದು ಲೆಕ್ಕಪತ್ರ ವಿಭಾಗದವರಿಗೂ ಅರ್ಥವಾಗುತ್ತದೆ. ಆದರೆ ಇಲ್ಲೊಂದು ಹೊಂಡ ಇದೆ. ಕಾನ್ಫಿಗ್‌ನಲ್ಲಿ ಸುಮ್ನೆ ‘ಚೆಕ್’ ಎಂದು ಬರೆದರೆ ಅದು ಪೋರ್ಟ್ ತೆರೆದಿದೆಯಾ ಎಂದು ಮಾತ್ರ ನೋಡುತ್ತದೆ. ಆ ಬಸ್ ಸರ್ವರ್ ಈ ಪರೀಕ್ಷೆಯಲ್ಲಿ ಆರಾಮವಾಗಿ ಪಾಸ್ ಆಗುತ್ತಿತ್ತು. ‘ಎಚ್‌ಟಿಟಿಪಿಚೆಕ್’ ಆಪ್ಷನ್ ಹಾಕಿ, ಯಾವ ಪುಟ ಕೇಳಬೇಕು, ಯಾವ ಉತ್ತರ ಬರಬೇಕು ಎಂದು ಬರೆಯಲೇಬೇಕು.

ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನಲ್ಲಿ ಸಿಗುವ ಲೋಡ್ ಬ್ಯಾಲೆನ್ಸರ್ ಎಎಲ್‌ಬಿ 2016ರದ್ದು. ಅದೇ ವರ್ಷ ಎಡಬ್ಲ್ಯುಎಸ್‌ನ ಮುಂಬೈ ರೀಜನ್ ಕೂಡ ಶುರುವಾಯಿತು. ಇದರ ಡಿಫಾಲ್ಟ್ 30 ಸೆಕೆಂಡಿಗೊಮ್ಮೆ, 2 ಸೋಲಿಗೆ ಹೊರಗೆ. ಅಂದರೆ ಸುಮಾರು ಒಂದು ನಿಮಿಷ ಜನ ಕೆಟ್ಟ ಸರ್ವರಿಗೆ ಹೋಗುತ್ತಲೇ ಇರುತ್ತಾರೆ. ನೋಡುವುದೂ ಮೊದಲ ಪುಟವನ್ನೇ. ಎರಡನ್ನೂ ಬದಲಾಯಿಸಬಹುದು, 5 ಸೆಕೆಂಡಿನವರೆಗೆ ಇಳಿಸಬಹುದು. ಡಿಫಾಲ್ಟ್‌ನಲ್ಲೇ ಬಿಟ್ಟವರೇ ಜಾಸ್ತಿ.

ಇನ್ನು ದುಬಾರಿ ಪೆಟ್ಟಿಗೆ. ಬಿಗ್-ಐಪಿಯಲ್ಲಿ ಎಚ್‌ಟಿಟಿಪಿ ಮಾನಿಟರ್ 5 ಸೆಕೆಂಡಿಗೊಮ್ಮೆ ನೋಡುತ್ತದೆ, 16 ಸೆಕೆಂಡ್ ಉತ್ತರ ಸಿಗದಿದ್ದರೆ ಸರ್ವರನ್ನು ತೆಗೆಯುತ್ತದೆ. ‘ರಿಸೀವ್ ಸ್ಟ್ರಿಂಗ್’ ಎಂಬ ಜಾಗ ಖಾಲಿ ಬಿಟ್ಟರೆ ಯಾವ ಉತ್ತರ ಬಂದರೂ ಸರಿ ಅನ್ನುತ್ತದೆ. ಎರರ್ ಪುಟ ಬಂದರೂ ಅದು ಉತ್ತರವೇ! ಸಹಕಾರಿ ಸಂಘ, ಕಾಲೇಜುಗಳ ಟೆಂಡರ್‌ಗಳಲ್ಲಿ ಇಂಥ ಪೆಟ್ಟಿಗೆಯ ಹೆಸರು ಬರುವಾಗ ನನಗೆ ಸಂಕಟವಾಗುವುದು ಇದಕ್ಕೇ. ಅಷ್ಟು ದುಡ್ಡು ಕೊಟ್ಟ ಮೇಲೂ ಆ ಒಂದು ಜಾಗ ತುಂಬುವವರು ಇಲ್ಲದಿದ್ದರೆ ಬಸ್ ಸಂಸ್ಥೆಗೆ ಆದದ್ದೇ ಅವರಿಗೂ ಆಗುತ್ತದೆ. ಅಲ್ಲದೆ ಅದಕ್ಕೆ ಪ್ಯಾಚ್ ಹಾಕುತ್ತಿರಬೇಕು. 2020ರ ಜುಲೈಯಲ್ಲಿ ಬಿಗ್-ಐಪಿಯಲ್ಲಿ 10ಕ್ಕೆ 10 ತೀವ್ರತೆಯ ಲೋಪ ಹೊರಬಂತು. 2023ರಲ್ಲಿ ನೆಟ್‌ಸ್ಕೇಲರ್‌ನ ‘ಸಿಟ್ರಿಕ್ಸ್ ಬ್ಲೀಡ್’. ದೊಡ್ಡ ಬ್ಯಾಂಕ್‌ಗಳಿಗೆ, ಆಸ್ಪತ್ರೆ ಸಮೂಹಗಳಿಗೆ ಈ ಪೆಟ್ಟಿಗೆಗಳು ಬೇಕು, ಅವರಲ್ಲಿ ನೋಡಿಕೊಳ್ಳುವ ತಂಡವೂ ಇರುತ್ತದೆ. ಇಬ್ಬರೇ ಇಬ್ಬರು ಐಟಿ ಹುಡುಗರು ಇರುವ ಸಂಘಕ್ಕೆ ಖಂಡಿತ ಬೇಡ.

ಹಾಗಾದರೆ ಹೆಲ್ತ್ ಚೆಕ್‌ನಲ್ಲಿ ಎಲ್ಲವನ್ನೂ ನೋಡಿಬಿಡೋಣ ಎಂದು ಹೊರಟರೆ ಅದು ಇನ್ನೊಂದು ಅಪಾಯ. ಚೆಕ್ ಪುಟ ಡೇಟಾಬೇಸ್, ಎಸ್‌ಎಂಎಸ್, ಪೇಮೆಂಟ್ ಗೇಟ್‌ವೇ ಎಲ್ಲವನ್ನೂ ಮುಟ್ಟುತ್ತದೆ ಎಂದುಕೊಳ್ಳಿ. ಎಸ್‌ಎಂಎಸ್ ಕಂಪೆನಿಯವರದು ಐದು ನಿಮಿಷ ಕೆಟ್ಟಿತು. ಮೂರೂ ಸರ್ವರ್‌ಗಳು ಒಟ್ಟಿಗೆ ‘ಅಸ್ವಸ್ಥ’ ಆಗುತ್ತವೆ. ಆಗ ಎಚ್‌ಎಪ್ರಾಕ್ಸಿ ಎಲ್ಲರಿಗೂ 503 (‘ಸೇವೆ ಲಭ್ಯವಿಲ್ಲ’) ಎರರ್ ಕೊಟ್ಟು ಬಾಗಿಲು ಹಾಕುತ್ತದೆ. ಎಎಲ್‌ಬಿ ಬೇರೆ ದಾರಿ ಹಿಡಿಯುತ್ತದೆ: ಎಲ್ಲವೂ ಅಸ್ವಸ್ಥ ಎಂದಾದರೆ ಎಲ್ಲಕ್ಕೂ ಕಳಿಸುತ್ತದೆ. ಅಮೆರಿಕದ ಟ್ಯಾಕ್ಸಿ ಆ್ಯಪ್ ಕಂಪೆನಿ ಲಿಫ್ಟ್ 2016ರಲ್ಲಿ ಓಪನ್ ಸೋರ್ಸ್ ಮಾಡಿದ ಎನ್ವಾಯ್ ಎಂಬ ಟೂಲ್‌ನಲ್ಲಿ ಆರೋಗ್ಯವಾಗಿರುವವು ಅರ್ಧಕ್ಕಿಂತ ಕಡಿಮೆಯಾದರೆ ಚೆಕ್‌ನ ಫಲಿತಾಂಶವನ್ನೇ ಪಕ್ಕಕ್ಕಿಡುತ್ತದೆ. ನನಗೆ ಎಎಲ್‌ಬಿ, ಎನ್ವಾಯ್ ಹಿಡಿಯುವ ದಾರಿಯೇ ಸರಿ ಅನಿಸುತ್ತದೆ. ಎಲ್ಲರೂ ಒಟ್ಟಿಗೆ ಕೆಟ್ಟಿದ್ದಾರೆ ಅಂದರೆ ಹೆಚ್ಚಿನ ಸಲ ಕೆಟ್ಟಿರುವುದು ಬೇರೇನೋ.

ಆದ್ದರಿಂದ ಚೆಕ್ ಪುಟ ಆ ಸರ್ವರಿಗೆ ಮಾತ್ರ ಸಂಬಂಧಿಸಿದ್ದನ್ನು ನೋಡಲಿ. ಡಿಸ್ಕ್‌ನಲ್ಲಿ ಬರೆಯಲು ಆಗುತ್ತದೆಯಾ? ಆ ಸರ್ವರ್ ಡೇಟಾಬೇಸ್‌ಗೆ ತೆರೆದಿಟ್ಟುಕೊಂಡ ಕನೆಕ್ಷನ್‌ಗಳ ಪೂಲ್‌ನಲ್ಲಿ ಜಾಗ ಇದೆಯಾ? ಇಷ್ಟು ಸಾಕು. ಪೇಮೆಂಟ್ ಗೇಟ್‌ವೇ ಕೆಟ್ಟರೆ ಅಪ್ಲಿಕೇಶನ್ನೇ ‘ಸ್ವಲ್ಪ ಹೊತ್ತು ಬಿಟ್ಟು ಪಾವತಿಸಿ’ ಎಂದು ಹೇಳಬೇಕು, ಸರ್ವರನ್ನು ಹೊರಗೆ ಹಾಕುವುದಲ್ಲ. ಈ ಪುಟ ಬರೆಯಬೇಕಾದವರು ನಿಮ್ಮ ಡೆವಲಪರ್‌ಗಳು. ಯಾವ ವೆಂಡರ್ ಕೂಡ ಇದನ್ನು ಮಾರುವುದಿಲ್ಲ.

ನನ್ನ ಆಯ್ಕೆ ಕೇಳುವವರಿಗೆ: ಎಲ್ಲವೂ ಎಡಬ್ಲ್ಯುಎಸ್‌ನಲ್ಲೇ ಇದ್ದರೆ ಎಎಲ್‌ಬಿ, ಮೇಲಿನ ಎರಡು ಡಿಫಾಲ್ಟ್ ಬದಲಾಯಿಸಿ. ಸ್ವಂತ ಸರ್ವರ್ ಆದರೆ ಎರಡು ಸಣ್ಣ ಮೆಷಿನ್‌ಗಳಲ್ಲಿ ಎಚ್‌ಎಪ್ರಾಕ್ಸಿ, ಜೊತೆಗೆ ಕೀಪ್‌ಅಲೈವ್‌ಡಿ. ಒಂದು ಬಿದ್ದರೆ ಇನ್ನೊಂದು ಅದೇ ಐಪಿ ವಿಳಾಸವನ್ನು ವಹಿಸಿಕೊಳ್ಳುತ್ತದೆ. ಒಂದೇ ಲೋಡ್ ಬ್ಯಾಲೆನ್ಸರ್ ಇಟ್ಟು ಅದರ ಹಿಂದೆ ಐದು ಸರ್ವರ್ ಇಡುವುದರಲ್ಲಿ ಅರ್ಥವಿಲ್ಲ. ಆಟಿಯ ಮಳೆಯಲ್ಲಿ ರಸ್ತೆ ಬದಿ ಫೈಬರ್ ತುಂಡಾಗುವ ಊರು ನಮ್ಮದು, ಹಾಗಾಗಿ ಎರಡನೇ ಇಂಟರ್‌ನೆಟ್ ಲೈನ್ ಬೇರೆ ದಾರಿಯಿಂದ ಬರಲಿ. ಲಾಗಿನ್ ಸೆಷನ್‌ಗಳನ್ನು ಎಲ್ಲ ಸರ್ವರ್‌ಗಳಿಗೂ ಸಿಗುವ ರೆಡಿಸ್‌ನಂಥ ಡೇಟಾಬೇಸ್‌ನಲ್ಲಿ ಇಡಿ, ಇಲ್ಲದಿದ್ದರೆ ಸರ್ವರ್ ಹೊರಗೆ ಹೋದಾಗ ಜನರೂ ಲಾಗ್ಔಟ್ ಆಗುತ್ತಾರೆ.

ಪರ್ಚೇಸ್ ಆರ್ಡರ್‌ಗೆ ಸಹಿ ಹಾಕುವ ಮೊದಲು ನಿಮ್ಮದೇ ಅಪ್ಲಿಕೇಶನ್ ಮೇಲೆ, ಟೆಸ್ಟ್ ಸೆಟಪ್‌ನಲ್ಲಿ, ವೆಂಡರ್ ಎದುರಿಗೇ ಮೂರು ಪ್ರಯೋಗ ಮಾಡಿಸಿ. ಒಂದು ಸರ್ವರ್‌ನ ಡಿಸ್ಕ್ ತುಂಬಿಸಿ. ಇನ್ನೊಂದರಿಂದ ಡೇಟಾಬೇಸ್ ಪೋರ್ಟ್ ಬ್ಲಾಕ್ ಮಾಡಿ. ಮೂರನೆಯದರಲ್ಲಿ ಅಪ್ಲಿಕೇಶನ್ ಪ್ರೊಸೆಸ್‌ಗೆ ‘ಕಿಲ್ ಸ್ಟಾಪ್’ ಸಿಗ್ನಲ್ ಕೊಡಿ. ಪ್ರೊಸೆಸ್ ಕಲ್ಲಿನಂತೆ ನಿಂತರೂ ಲಿನಕ್ಸ್ ಕರ್ನಲ್ ಸ್ವಲ್ಪ ಹೊತ್ತು ಹೊಸ ಕನೆಕ್ಷನ್‌ಗಳನ್ನು ಸ್ವೀಕರಿಸುತ್ತಲೇ ಇರುತ್ತದೆ, ಹಾಗಾಗಿ ಪೋರ್ಟ್ ಮಾತ್ರ ನೋಡುವ ಚೆಕ್ ಇಲ್ಲಿ ಸಿಕ್ಕಿಬೀಳುತ್ತದೆ. ಪ್ರತಿ ಸಲ ಎಷ್ಟು ಸೆಕೆಂಡಿಗೆ ಸರ್ವರ್ ಹೊರಗೆ ಹೋಯಿತು, ಅಷ್ಟರಲ್ಲಿ ಎಷ್ಟು ರಿಕ್ವೆಸ್ಟ್ ಸೋತವು, ಸರಿಯಾದ ಮೇಲೆ ಎಷ್ಟು ಹೊತ್ತಿಗೆ ವಾಪಸ್ ಬಂತು ಎಂದು ಬರೆದುಕೊಳ್ಳಿ. ಆ ಮೂರು ಅಂಕಿಗಳನ್ನು ಎಕ್ಸೆಲ್ ಶೀಟ್‌ನ ‘ಹೆಲ್ತ್ ಚೆಕ್’ ಸಾಲಿನಲ್ಲಿ ತುಂಬಿ, ಆಮೇಲೆ ಬೆಲೆ ಮಾತಾಡಿ.